ಆರುನೂರ ನಲವತ್ತು ಕೆಬಿಯೊಳಗೆ ಒಂದು ದನಿ

ದೂರಿನ ಪುಸ್ತಕದಲ್ಲಿ ನಮ್ಮ ಮಾಲೀಕರು ಒಂದೇ ಸಾಲು ಬರೆದಿದ್ದರು: ‘ಬನಶಂಕರಿ ಸೆಕೆಂಡ್ ಸ್ಟೇಜ್, ಲೈಬ್ರರಿ. ಕಂಪ್ಯೂಟರ್ ಮಾತಾಡುತ್ತೆ, ಕೆಲಸ ಮಾಡಲ್ಲ.’

ತೊಂಬತ್ತರ ದಶಕದ ನಡುವಿನ ಮಾತಿದು. ನಾನಾಗ ಜಯನಗರ ನಾಲ್ಕನೇ ಬ್ಲಾಕಿನ ಒಂದು ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿದ್ದೆ. ಗದಗಿನಿಂದ ಬಂದು ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡು ಮೂರು ವರ್ಷವಾಗಿತ್ತು. ದೂರಿನ ಸಾಲನ್ನು ಎರಡು ಸಲ ಓದಿ, “ಮಾತಾಡ್ತದ ಅಂದ್ರ ಏನ್ರಿ ಸರ್?” ಎಂದು ಕೇಳಿದೆ.

“ನನಗೂ ಅರ್ಥ ಆಗ್ಲಿಲ್ಲ. ಫೋನ್ ಮಾಡಿದೋರು ಹಂಗೇ ಹೇಳಿದ್ರು, ನಾನು ಹಂಗೇ ಬರ್ಕೊಂಡೆ. ಹೋಗಿ ನೋಡಮ್ಮ,” ಎಂದರು.

ಅದು ಒಂದು ಟ್ರಸ್ಟು ನಡೆಸುತ್ತಿದ್ದ ಗ್ರಂಥಾಲಯ. ಮಹಡಿಯ ಮೇಲೆ ಒಂದು ಹಾಲು, ಅದರ ತುಂಬ ಕಬ್ಬಿಣದ ರ‍್ಯಾಕುಗಳು, ಕಿಟಕಿಯ ಪಕ್ಕ ಕೌಂಟರು. ಕೌಂಟರಿನ ಹಿಂದೆ ಕೂತಿದ್ದ ಗ್ರಂಥಪಾಲಕಿಗೆ ನಲವತ್ತು ದಾಟಿರಬೇಕು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ನನ್ನ ಕಡೆ ತಿರುಗಿದರು. ನೋಟ ಮಾತ್ರ ನನ್ನ ಭುಜದಾಚೆ ಎಲ್ಲೋ ನಿಂತಿತ್ತು.

“ಸರ್ವಿಸ್‌ನೋರಾ? ಇಂಜಿನಿಯರ್ ಬರ್ತಾರೆ ಅಂದಿದ್ರು.”

“ನಾನರೀ ಅದು.”

“ಓ, ಸಾರಿ. ಧಾರವಾಡದ ಕಡೆಯೋರಾ?”

“ಗದಗ್ರಿ ಅಕ್ಕಾರ.”

ಅವರು ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟು, ಯಾವ ಮುಜುಗರವೂ ಇಲ್ಲದೆ ತಮ್ಮ ಸ್ಥಿತಿಯನ್ನು ಹೇಳಿದರು. ಕಣ್ಣಿನ ನರ ಐದಾರು ವರ್ಷದಿಂದ ಸೋಲುತ್ತಾ ಬಂದಿತ್ತು. ಈಗ ಬೆಳಕು, ಬಾಗಿಲು, ಎದುರಿಗೆ ನಿಂತವರ ಆಕಾರ ಇಷ್ಟು ಗೊತ್ತಾಗುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಪುಸ್ತಕಗಳು ಯಾವ ರ‍್ಯಾಕಿನಲ್ಲಿವೆ ಎಂಬುದು ತಲೆಯಲ್ಲಿದ್ದುದರಿಂದ ಇಷ್ಟು ದಿನ ಕೆಲಸ ಸಾಗಿತ್ತು. ಆದರೆ ಟ್ರಸ್ಟಿನವರು ಹಳೆಯ ಕಾರ್ಡ್ ಪೆಟ್ಟಿಗೆಗಳನ್ನು ಮುಚ್ಚಿ ಪುಸ್ತಕದ ಪಟ್ಟಿಯನ್ನೂ ಸದಸ್ಯರ ಪಟ್ಟಿಯನ್ನೂ ಕಂಪ್ಯೂಟರಿಗೆ ಹಾಕಿಸಿದ್ದರು. ಇನ್ನು ಮುಂದೆ ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಅದರಲ್ಲೇ ಆಗಬೇಕಿತ್ತು.

ಗ್ರಂಥಪಾಲಕಿ ಮೂರು ತಿಂಗಳು ರಜೆ ಹಾಕಿ, ದೃಷ್ಟಿ ಇಲ್ಲದವರ ಒಂದು ತರಬೇತಿ ಕೇಂದ್ರಕ್ಕೆ ಹೋಗಿ ಕೀಬೋರ್ಡು ಕಲಿತು ಬಂದಿದ್ದರು. ಬರುವಾಗ ಅಲ್ಲಿಂದ ಕಂಪ್ಯೂಟರಿನೊಳಗೆ ಸಿಕ್ಕಿಸುವ ಒಂದು ಕಾರ್ಡನ್ನೂ ಒಂದು ಪ್ರೋಗ್ರಾಮನ್ನೂ ಎರವಲು ತಂದಿದ್ದರು. ಪರದೆಯ ಮೇಲೆ ಬಂದ ಅಕ್ಷರಗಳನ್ನು ಪ್ರೋಗ್ರಾಮು ಓದಿ ಕಾರ್ಡಿಗೆ ಕಳಿಸುತ್ತಿತ್ತು; ಕಾರ್ಡು ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ದೂರಿನ ಮೊದಲರ್ಧದ ಅರ್ಥ ಅದು.

ಎರಡನೆಯ ಅರ್ಧವನ್ನು ಅವರು ನನಗೆ ಕೇಳಿಸಿದರು. ಮಾತಿನ ಪ್ರೋಗ್ರಾಮು ಹಾಕಿದರು. ಸಣ್ಣ ಸ್ಪೀಕರಿನಿಂದ ಗಂಡು ದನಿಯೊಂದು ‘ರೆಡಿ’ ಎಂದಿತು. ಆಮೇಲೆ ಗ್ರಂಥಾಲಯದ ಪ್ರೋಗ್ರಾಮು ತೆರೆಯಲು ಹೋದರು. ಅದೇ ದನಿ, ಅಷ್ಟೇ ಸಮಾಧಾನದಲ್ಲಿ, ‘ಇನ್‌ಸಫಿಷಿಯೆಂಟ್ ಮೆಮೊರಿ’ ಎಂದು ಹೇಳಿ ಸುಮ್ಮನಾಯಿತು.

“ದಿನಾ ಹಿಂಗೇ. ಎರಡರಲ್ಲಿ ಒಂದು ಇದ್ರೆ ಇನ್ನೊಂದು ಬರಲ್ಲ,” ಎಂದರು.

ಅಷ್ಟರಲ್ಲಿ ಟ್ರಸ್ಟಿನ ಕಾರ್ಯದರ್ಶಿಗಳು ಬಂದರು. ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಮೆಲುಮಾತಿನವರು. ನನ್ನನ್ನು ರ‍್ಯಾಕುಗಳ ಮಧ್ಯೆ ಕರೆದುಕೊಂಡು ಹೋಗಿ ಹೇಳಿದರು: “ನೋಡಮ್ಮ, ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಕಮಿಟಿ ಮೀಟಿಂಗ್ ಇದೆ. ಆಕೆ ಅವರೆದುರಿಗೆ ಮಾಡಿ ತೋರಿಸಿದ್ರೆ ಇರ್ತಾರೆ. ಇಲ್ಲಾಂದ್ರೆ ಬೇರೆಯೋರನ್ನ ತಗೋಬೇಕು ಅಂತ ಮಾತಾಗಿದೆ. ನನಗೂ ಇಷ್ಟ ಇಲ್ಲ. ಹೊಸ ಮೆಷಿನ್ ಕೇಳೋ ಹಾಗೂ ಇಲ್ಲ, ಇದೇ ದಾನ ಬಂದಿದ್ದು.”

ಆಕೆ ಕೌಂಟರಿನಲ್ಲಿ ತಲೆ ಬಗ್ಗಿಸಿ ಏನೋ ಜೋಡಿಸುತ್ತಿದ್ದರು. ಈ ಮಾತು ಅವರ ಕಿವಿಗೆ ಬಿದ್ದಿತ್ತು ಎಂದೇ ನನ್ನ ಅನಿಸಿಕೆ.

ಯಂತ್ರ ಹಳೆಯ ‘ಮುನ್ನೂರ ಎಂಬತ್ತಾರು’ ಮಾದರಿಯದು, ಮೆಮೊರಿ ನಾಲ್ಕು ಎಂಬಿ, ಅಂದರೆ ನಾಲ್ಕು ಸಾವಿರ ಕೆಬಿಗೂ ಹೆಚ್ಚು. ನಾಲ್ಕು ಎಂಬಿ ಇದ್ದರೂ, ಡಾಸ್ ಎಂಬ ಆ ಕಾಲದ ವ್ಯವಸ್ಥೆಯಲ್ಲಿ ಪ್ರೋಗ್ರಾಮುಗಳು ಓಡಾಡುತ್ತಿದ್ದುದು ಮೊದಲ ಆರುನೂರ ನಲವತ್ತು ಕೆಬಿಯಲ್ಲಿ ಮಾತ್ರ. ಯಂತ್ರ ಶುರುವಾಗುವಾಗ ಒಂದೊಂದೇ ಚಿಕ್ಕ ಪ್ರೋಗ್ರಾಮು ಬಂದು ಅಲ್ಲಿ ಜಾಗ ಹಿಡಿಯುತ್ತಿತ್ತು. ಎಲ್ಲರೂ ಕೂತ ಮೇಲೆ ಉಳಿದ ಜಾಗದಲ್ಲಿ ಮುಖ್ಯ ಪ್ರೋಗ್ರಾಮು ಹಿಡಿಸಬೇಕು. ಗ್ರಂಥಾಲಯದ ಪ್ರೋಗ್ರಾಮಿಗೆ ಐನೂರ ಮೂವತ್ತು ಕೆಬಿ ಬೇಕಿತ್ತು. ಮಾತಿನ ಪ್ರೋಗ್ರಾಮು ಒಂದೇ ಅರವತ್ತೆರಡು ತಿನ್ನುತ್ತಿತ್ತು. ಎಲ್ಲ ಕಳೆದು ಉಳಿಯುತ್ತಿದ್ದುದು ನಾನೂರ ಇಪ್ಪತ್ತೊಂದು.

ಯಾರು ಎಷ್ಟು ಜಾಗ ಹಿಡಿದಿದ್ದಾರೆಂದು ತೋರಿಸುವ ಆಜ್ಞೆಯೊಂದಿತ್ತು. ಅದನ್ನು ಕೊಟ್ಟು, ಬಂದ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ದನಿಯೂ ಪಕ್ಕದಿಂದ ಅದನ್ನೇ ಓದುತ್ತಿತ್ತು. ಗ್ರಂಥಪಾಲಕಿ ಕಿವಿಗೊಟ್ಟು ಕೇಳುತ್ತಿದ್ದರು. ಮೌಸಿಗೆಂದು ಒಂದು ಪ್ರೋಗ್ರಾಮು ಹದಿನೇಳು ಕೆಬಿ ಹಿಡಿದಿತ್ತು.

“ಮೌಸ್ ಎಲ್ಲೈತ್ರಿ?” ಎಂದೆ.

“ಡ್ರಾಯರ್‌ನಲ್ಲಿದೆ. ನಾನು ಯಾವತ್ತೂ ಮುಟ್ಟಿಲ್ಲ.”

ಅದನ್ನು ತೆಗೆದೆ. ವೈರಸ್ ಕಾಯುವ ಪ್ರೋಗ್ರಾಮೊಂದು ಇಪ್ಪತ್ತೆರಡು ಕೆಬಿಯಲ್ಲಿ ಕೂತಿತ್ತು. ಫ್ಲಾಪಿಗಳನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಿಕೊಡುತ್ತೇನೆಂದು ಹೇಳಿ ಅದನ್ನೂ ತೆಗೆದೆ. ಮರುದಿನ ಹೋಗಿ ಡಾಸ್‌ನ ಬಹುಪಾಲನ್ನು ಆರುನೂರ ನಲವತ್ತರ ಆಚೆಗೆ ಸಾಗಿಸಿದೆ. ಅದರಿಂದ ನಲವತ್ತೈದು ಬಂತು. ಒಟ್ಟು ಐನೂರ ಐದು. ಇನ್ನೂ ಇಪ್ಪತ್ತೈದು ಕಡಿಮೆ. ಯಂತ್ರ ಶುರುವಾಗುವಾಗ ಈ ಪ್ರೋಗ್ರಾಮುಗಳನ್ನು ಕರೆಯುವ ಫೈಲಿನಲ್ಲಿ ಸಾಲುಗಳನ್ನು ಅಳಿಸುವ ಬದಲು ಪ್ರತಿಯೊಂದರ ಮುಂದೆ ‘ಆರ್‌ಇಎಂ’ ಎಂಬ ಮೂರು ಅಕ್ಷರ ಹಾಕುತ್ತಿದ್ದೆ. ಹಾಗೆ ಮಾಡಿದರೆ ಯಂತ್ರ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ; ಬೇಕಾದಾಗ ಮರಳಿ ತರಬಹುದು. ಗ್ರಂಥಪಾಲಕಿ ಅದೇಕೆಂದು ಕೇಳಿದರು, ಹೇಳಿದೆ. ಒಂದು ಫ್ಲಾಪಿಯಲ್ಲಿ ಹಳೆಯ ಪ್ರತಿ ಇಟ್ಟುಕೊಂಡಿದ್ದನ್ನೂ ಹೇಳಿದೆ.

ಮೂರನೆಯ ದಿನ ಶನಿವಾರ. ಆರುನೂರ ನಲವತ್ತಕ್ಕೂ ಒಂದು ಎಂಬಿಗೂ ನಡುವಿನ ಜಾಗವನ್ನು ಪರದೆಗೂ ಕಾರ್ಡುಗಳಿಗೂ ಮೀಸಲಿಟ್ಟಿರುತ್ತಾರೆ. ಅದೆಲ್ಲ ಬಳಕೆಯಾಗುವುದಿಲ್ಲ, ಈ ಯಂತ್ರದಲ್ಲಿ ಒಟ್ಟಿಗೆ ತೊಂಬತ್ತಾರು ಕೆಬಿ ಖಾಲಿ ಇತ್ತು. ಅದನ್ನು ಬಳಕೆಗೆ ತರುವ ಸಾಲು ಸೇರಿಸಿ, ಅರವತ್ತೆರಡು ಕೆಬಿಯ ಮಾತಿನ ಪ್ರೋಗ್ರಾಮನ್ನು ಅಲ್ಲಿಗೇರಿಸಿದರೆ ಕೆಳಗೆ ಬೇಕಾದಷ್ಟು ಜಾಗವಾಗುತ್ತದೆ ಎಂಬುದು ನನ್ನ ಲೆಕ್ಕ. ಸಾಲು ಬರೆದು ಯಂತ್ರವನ್ನು ಮತ್ತೆ ಶುರು ಮಾಡಿದೆ.

ದನಿ ‘ರೆ’ ಎಂದು ನಿಂತಿತು. ಮತ್ತೆ ‘ರೆ’ ಎಂದಿತು. ಆಮೇಲೆ ಯಂತ್ರವೇ ನಿಂತುಹೋಯಿತು.

ಪ್ರೋಗ್ರಾಮು ಕೆಟ್ಟಿದೆ ಎಂದುಕೊಂಡು ಮತ್ತೆ ಹಾಕಿದೆ. ಸ್ಪೀಕರಿನ ತಂತಿ ಬದಲಿಸಿದೆ. ಮಧ್ಯಾಹ್ನದವರೆಗೆ ಹನ್ನೆರಡು ಸಲ ಶುರು ಮಾಡಿರಬೇಕು. ಕೊನೆಗೆ ಗ್ರಂಥಪಾಲಕಿ, “ಒಂದು ಹೇಳ್ಲಾ? ಪ್ರತಿ ಸಲ ಅದೇ ಜಾಗದಲ್ಲಿ ನಿಲ್ತಿದೆ. ಕೆಟ್ಟಿದ್ದಿದ್ರೆ ಒಂದೊಂದು ಸಲ ಒಂದೊಂದು ಕಡೆ ನಿಲ್ತಿತ್ತು. ಯಾರೋ ಬಾಯಿ ಮುಚ್ಚಿದ ಹಂಗೆ ಕೇಳ್ಸುತ್ತೆ,” ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ನಾನು ಖಾಲಿ ಎಂದುಕೊಂಡಿದ್ದ ತೊಂಬತ್ತಾರು ಕೆಬಿಯ ಮಧ್ಯದಲ್ಲೇ ಮಾತಿನ ಕಾರ್ಡು ಅಕ್ಷರಗಳನ್ನು ಪಡೆದುಕೊಳ್ಳಲು ಎಂಟು ಕೆಬಿಯ ಒಂದು ಕಿಂಡಿ ಇಟ್ಟುಕೊಂಡಿತ್ತು. ನಾನು ಏರಿಸಿದ ಪ್ರೋಗ್ರಾಮು ಹೋಗಿ ಆ ಕಿಂಡಿಯ ಮೇಲೇ ಕೂತಿತ್ತು. ಆ ಎಂಟು ಕೆಬಿಯನ್ನು ಮುಟ್ಟಬೇಡ ಎಂದು ಇನ್ನೊಂದು ಸೂಚನೆ ಸೇರಿಸಿದೆ. ದನಿ ಮರಳಿತು. ಆದರೆ ಈಗ ಉದ್ದನೆಯ ಜಾಗ ಎರಡು ತುಂಡಾಗಿತ್ತು: ಕಿಂಡಿಯ ಈಚೆ ಮೂವತ್ತೆರಡು, ಆಚೆ ಐವತ್ತಾರು. ಅರವತ್ತೆರಡಕ್ಕೆ ಎರಡೂ ಸಾಲವು. ಒಂದು ಪ್ರೋಗ್ರಾಮನ್ನು ಮುರಿದು ಎರಡು ಕಡೆ ಇಡಲು ಬರುವುದಿಲ್ಲ.

ಅಂಗಡಿಗೆ ಬಂದು ಮಾಲೀಕರಿಗೆ ಹೇಳಿದೆ. “ಆರು ಕೆಬಿಗೆ ಮೂರು ದಿನ ಕೊಟ್ಟಾಯ್ತು. ಆಗಲ್ಲ ಅಂತ ಬರ್ದುಕೊಟ್ಟು ಬಾಮ್ಮ, ತಪ್ಪಿಲ್ಲ. ಯಂತ್ರದ ಮಿತಿ ಅದು,” ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸರ್ವಿಸ್ ಚೀಟಿಯಲ್ಲಿ ಅಷ್ಟು ಬರೆದಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು.

ಭಾನುವಾರ ರೂಮಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಆ ತೊಂಬತ್ತಾರು ಕೆಬಿಯ ಚಿತ್ರ ಬರೆದೆ. ಉದ್ದ ಬೆಂಚಿನ ನಡುವೆ ಒಬ್ಬ ಕೂತ ಹಾಗಿತ್ತು. ಅವನನ್ನು ಎಬ್ಬಿಸಲು ಬರುವುದಿಲ್ಲ. ಒಂದು ತುದಿಗೆ ಸರಿಸಿದರೆ ಉಳಿದದ್ದು ಒಂದೇ ಪಟ್ಟಿಯಾಗಿ ಎಂಬತ್ತೆಂಟು ಕೆಬಿ ಸಿಗುತ್ತದೆ. ಕಾರ್ಡಿನ ಮೇಲೆ ಒಂದು ಸಾಲು ಪುಟ್ಟ ಸ್ವಿಚ್ಚುಗಳಿದ್ದುದನ್ನು ನೋಡಿದ್ದೆ. ಕಿಂಡಿಯ ಜಾಗ ಬದಲಿಸುವುದಕ್ಕೇ ಅವಿರಬೇಕು. ಆದರೆ ಕೈಪಿಡಿ ಇರಲಿಲ್ಲ, ಕಾರ್ಡು ಎರವಲಿನದು, ವಿದೇಶದಿಂದ ಬಂದದ್ದು. ತಪ್ಪು ಸ್ವಿಚ್ಚು ಒತ್ತಿ ಅದು ಹಾಳಾದರೆ ಇನ್ನೊಂದನ್ನು ಎಲ್ಲಿಂದಲೂ ತರುವ ಹಾಗಿರಲಿಲ್ಲ. ಆಗ ಆಕೆಗೆ ಈಗಿರುವ ಅರ್ಧ ಅವಕಾಶವೂ ಇಲ್ಲವಾಗುತ್ತಿತ್ತು.

ಸೋಮವಾರ ಇದನ್ನೆಲ್ಲ ಗ್ರಂಥಪಾಲಕಿಗೆ ಹೇಳಿದೆ. “ಕಾರ್ಡ್ ಇದ್ದೂ ಪ್ರಯೋಜನ ಇಲ್ಲ ಅಲ್ವಾ ಈಗ?” ಎಂದರು. ಆಮೇಲೆ ಫೋನು ಎಳೆದುಕೊಂಡು ತರಬೇತಿ ಕೇಂದ್ರದ ತಮ್ಮ ಮೇಷ್ಟ್ರಿಗೆ ಫೋನು ಹಚ್ಚಿ, ನನ್ನ ಕೈಗೆ ಕೊಟ್ಟರು.

ಮೇಷ್ಟ್ರನ್ನು ಕೈಪಿಡಿ ಇದೆಯೇ ಎಂದು ಕೇಳಿದೆ. “ಇತ್ತು. ಯಾರೋ ತಗೊಂಡು ಹೋದ್ರು. ಇದ್ರೂ ನಾನು ಓದೋಕಾಗಲ್ಲ, ನನಗೂ ಕಣ್ಣಿಲ್ಲ. ಆದ್ರೆ ಬಂದಾಗ ಒಬ್ಬರ ಕೈಲಿ ಓದಿಸಿ ಬಾಯಿಪಾಠ ಮಾಡ್ಕೊಂಡಿದ್ದೆ. ನಿಮಗೆ ಯಾವ ಅಡ್ರೆಸ್ ಬೇಕು?” ಎಂದರು.

ಕಿಂಡಿಯನ್ನು ಎಲ್ಲಿಗೆ ಸರಿಸಬೇಕೋ ಆ ಜಾಗ ಹೇಳಿದೆ. ಮೇಷ್ಟ್ರು ಬಾಯೊಳಗೇ ಪಾಠ ಒಪ್ಪಿಸಿಕೊಂಡು, “ಒಂದು, ನಾಲ್ಕು ಮೇಲೆ. ಉಳಿದದ್ದು ಕೆಳಗೆ. ಎಂಟನೇದು ಮಾತ್ರ ಮುಟ್ಟಬೇಡಿ,” ಎಂದರು.

“ಖಾತ್ರಿ ಅದ ಅಲ್ರಿ ಸರ್?”

“ನಾಲ್ಕು ಮೆಷಿನ್‌ಗೆ ನಾನೇ ಕೈಯಲ್ಲಿ ಮುಟ್ಟಿ ಹಾಕಿದೀನಮ್ಮ.”

ಮುಚ್ಚಳ ತೆಗೆದು ಕಾರ್ಡನ್ನು ಹೊರಗೆಳೆದೆ. ಬಾಲ್‌ಪೆನ್ನಿನ ತುದಿಯಿಂದ ಸ್ವಿಚ್ಚುಗಳನ್ನು ಸರಿಸುವಾಗ ಗ್ರಂಥಪಾಲಕಿ ಒಂದೊಂದರ ಸಣ್ಣ ಸದ್ದನ್ನೂ ಎಣಿಸುತ್ತಿದ್ದರು. ಕಾರ್ಡು ಮರಳಿ ಕೂರಿಸಿ, ಮುಟ್ಟಬೇಡವೆಂಬ ಸೂಚನೆಯನ್ನು ಹೊಸ ಜಾಗಕ್ಕೆ ಬದಲಿಸಿ, ಯಂತ್ರ ಹಾಕಿದೆ.

‘ರೆಡಿ’ ಎಂದಿತು. ಗ್ರಂಥಾಲಯದ ಪ್ರೋಗ್ರಾಮು ತೆರೆಯಿತು. ಅದರ ಮೊದಲ ಪರದೆಯನ್ನು ದನಿ ಮೇಲಿನಿಂದ ಕೆಳಗಿನವರೆಗೆ ಓದಿತು. ಆರುನೂರ ನಲವತ್ತರಲ್ಲಿ ಈಗ ಅದಕ್ಕೆ ಐನೂರ ಐವತ್ತಕ್ಕೂ ಹೆಚ್ಚು ಕೆಬಿ ಸಿಕ್ಕಿತ್ತು. ಗ್ರಂಥಪಾಲಕಿ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು, “ಕಾಫಿ ತರಿಸ್ತೀನಿ, ಕೂತ್ಕೊಳ್ಳಿ,” ಎಂದರು.

ಕಾಫಿ ಕುಡಿಯುವಾಗಲೇ ಇನ್ನೊಂದು ತೊಡಕು ಕಂಡಿತು. ಆ ಪ್ರೋಗ್ರಾಮಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಪುಸ್ತಕಗಳ ಹೆಸರನ್ನೂ ಸದಸ್ಯರ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದರು. ಕಾರ್ಡು ಅವನ್ನು ಇಂಗ್ಲಿಷಿನಂತೆಯೇ ಓದುತ್ತಿತ್ತು. ‘ಅಡಿಗೆ’ ಎಂಬುದು ‘ಅಡೈಜ್’ ಆಗುತ್ತಿತ್ತು. ಸಾವಿತ್ರಮ್ಮ ‘ಸ್ಯಾವಿಟ್ರಾಮ’. ವಿಳಾಸದಲ್ಲಿನ ಹೊಸಕೆರೆಹಳ್ಳಿ ಏನಾಗುತ್ತಿತ್ತೆಂದು ಬರೆದು ತೋರಿಸುವುದು ಕಷ್ಟ. ಅದಕ್ಕೆ ಪರಿಹಾರ ಮಾತಿನ ಪ್ರೋಗ್ರಾಮಿನಲ್ಲೇ ಇತ್ತು. ಯಾವ ಪದವನ್ನು ಹೇಗೆ ಉಚ್ಚರಿಸಬೇಕೆಂದು ಒಂದು ಪಟ್ಟಿಗೆ ಸೇರಿಸುತ್ತಾ ಹೋಗಬಹುದಿತ್ತು. ಅದನ್ನು ತೋರಿಸಿಕೊಟ್ಟು ಬಂದೆ.

ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಅವರದೇ ಫೋನು. “ಮತ್ತೆ ಇನ್‌ಸಫಿಷಿಯೆಂಟ್ ಅಂತಿದೆ,” ಎಂದಷ್ಟೇ ಹೇಳಿದರು. ದನಿಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ.

ಹೋಗಿ ನೋಡಿದೆ. ನಾಲ್ಕು ದಿನದಲ್ಲಿ ಅವರು ಏಳುನೂರ ಚಿಲ್ಲರೆ ಪದ ಸೇರಿಸಿದ್ದರು. ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ, ಓದುಗರು ಬಂದು ಹೋಗುವ ನಡುವೆ, ಮೊದಲು ಸದಸ್ಯರ ಹೆಸರು, ಆಮೇಲೆ ಪುಸ್ತಕಗಳನ್ನು ನೆನಪಿನಿಂದಲೇ ರ‍್ಯಾಕಿನ ಸಾಲಿನಂತೆ ಒಂದೊಂದಾಗಿ ಹಾಕಿದ್ದರು. ಒಂದೊಂದು ಪದವೂ ಮೆಮೊರಿ ತಿನ್ನುತ್ತದೆ ಎಂಬುದನ್ನು ನಾನು ಹೇಳಿರಲಿಲ್ಲ. ಪದಗಳ ಪಟ್ಟಿ ಬೆಳೆದು ಪ್ರೋಗ್ರಾಮು ಎಂಬತ್ತೆಂಟು ಕೆಬಿಯ ಜಾಗದಲ್ಲಿ ಹಿಡಿಸದಂತಾಗಿತ್ತು. ಮೇಲೆ ಹಿಡಿಸದಿದ್ದರೆ ಡಾಸ್ ಯಾರಿಗೂ ಹೇಳದೆ ಅದನ್ನು ಕೆಳಗೆ ತಂದು ಕೂರಿಸುತ್ತದೆ. ಕೆಳಗಿನ ಜಾಗ ಅಷ್ಟು ಕಡಿಮೆಯಾಗುತ್ತದೆ.

ಮೀಟಿಂಗಿಗೆ ಎರಡು ದಿನವಿತ್ತು. ಲೆಕ್ಕ ಹಾಕಿ, “ಐನೂರು ಪದ ಹಿಡಿತಾವ್ರಿ ಅಕ್ಕಾರ. ಇನ್ನೂರರ ಮ್ಯಾಲೆ ತೆಗೀಬೇಕು. ತಪ್ಪು ನಂದು, ಮೊದಲ ಹೇಳಬೇಕಿತ್ತು,” ಎಂದೆ.

“ಇನ್ನೂರಾ,” ಎಂದರು. ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ಇದ್ದವು. ಆಮೇಲೆ, “ಹೂಂ, ಓದ್ತಾ ಹೋಗಲಿ, ತೆಗೀತೀನಿ,” ಎಂದರು.

ಪಕ್ಕದಲ್ಲಿ ಕೂತು ನಾನು ಸಂಖ್ಯೆ ಎಣಿಸಿದೆ. ದನಿ ಒಂದೊಂದು ಪದ ಹೇಳುತ್ತಿತ್ತು, ಅವರು ಇಡುತ್ತಿದ್ದರು ಇಲ್ಲವೇ ತೆಗೆಯುತ್ತಿದ್ದರು. ತೆಗೆದದ್ದೆಲ್ಲ ಪುಸ್ತಕಗಳ ಹೆಸರು. ಸದಸ್ಯರ ಹೆಸರು ಒಂದನ್ನೂ ತೆಗೆಯಲಿಲ್ಲ. ಕಡಿಮೆ ಬಳಕೆಯ ಸದಸ್ಯರನ್ನು ತೆಗೆದು ಪುಸ್ತಕ ಉಳಿಸಿಕೊಳ್ಳಬಹುದಲ್ಲ ಎಂದು ಸೂಚಿಸಿದೆ.

“ಪುಸ್ತಕದ ಹೆಸರು ಅದು ಹೆಂಗೇ ಹೇಳ್ಲಿ, ನನಗೆ ತಿಳಿಯುತ್ತೆ. ಇಪ್ಪತ್ತು ವರ್ಷದಿಂದ ಎತ್ತಿ ಇಟ್ಟಿದೀನಿ. ಮೆಂಬರ್ ಎದುರಿಗೇ ನಿಂತಿರ್ತಾರೆ. ಅವರ ಹೆಸರು ಅವರೆದುರಿಗೆ ಕೆಟ್ಟದಾಗಿ ಹೇಳಿದ್ರೆ ಚೆನ್ನಾಗಿರಲ್ಲ,” ಎಂದರು.

ಸಂಜೆ ಐದರ ಹೊತ್ತಿಗೆ ಇನ್ನೂರ ಹನ್ನೊಂದು ಪದ ತೆಗೆದಿದ್ದರು. ಪ್ರೋಗ್ರಾಮು ಮತ್ತೆ ಮೇಲೆ ಹೋಗಿ ಕೂತಿತು.

ಭಾನುವಾರ ನನ್ನನ್ನೂ ಕರೆದಿದ್ದರು. ಕಮಿಟಿಯ ಐದು ಜನ ಕೌಂಟರಿನ ಸುತ್ತ ಕುರ್ಚಿ ಹಾಕಿಕೊಂಡರು. ಕಾರ್ಯದರ್ಶಿಗಳು ಒಬ್ಬ ಸದಸ್ಯರ ನಂಬರ್ ಹೇಳಿದರು. ದನಿ ಆ ಸದಸ್ಯರ ಹೆಸರನ್ನು ಸ್ಪಷ್ಟವಾಗಿ ಹೇಳಿ, ಎರಡು ಪುಸ್ತಕ ಬಾಕಿ ಇದೆ ಎಂದಿತು. ಒಬ್ಬ ಹಿರಿಯರು ಒಂದು ಅಡಿಗೆ ಪುಸ್ತಕ ಕೇಳಿದರು. ಆಕೆ ಟೈಪ್ ಮಾಡಿದರು. ದನಿ ‘ಅಡೈಜ್’ ಎಂದಿತು. ಇಬ್ಬರು ನಕ್ಕರು. ಆಕೆ ಆ ನಗುವನ್ನು ಗಮನಿಸದವರಂತೆ, “ಏಳನೇ ರ‍್ಯಾಕ್, ಎರಡನೇ ಸಾಲು. ಒಳಗೇ ಇದೆ ಸಾರ್,” ಎಂದರು. ಒಬ್ಬರು ಎದ್ದು ಹೋಗಿ ಪುಸ್ತಕ ತಂದರು.

ನಗು ನಿಂತ ಮೇಲೆ ಆ ಹಿರಿಯರು ನಾನು ಎದುರುನೋಡದ ಮಾತೆತ್ತಿದರು. “ಎಲ್ಲಾ ಸರಿ. ಆದರೆ ಇದು ಲೈಬ್ರರಿ. ಇಡೀ ದಿನ ಹೀಗೆ ಮಾತಾಡ್ತಿದ್ರೆ ಓದೋರ ಗತಿಯೇನು?”

ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ಹತ್ತು ದಿನ ಮೆಮೊರಿಯ ಹಿಂದೆ ಬಿದ್ದಿದ್ದ ನನಗೆ ಇದು ಹೊಳೆದಿರಲೇ ಇಲ್ಲ. ಗ್ರಂಥಪಾಲಕಿ ಡ್ರಾಯರು ತೆರೆದು, ಟ್ರಾನ್ಸಿಸ್ಟರ್ ರೇಡಿಯೋದ ಜೊತೆ ಬರುವಂಥ ಒಂಟಿ ಕಿವಿಯ ಇಯರ್‌ಫೋನು ತೆಗೆದರು. ಕಾರ್ಡಿನ ಹಿಂಬದಿಯ ತೂತನ್ನು ಕೈಯಿಂದಲೇ ಹುಡುಕಿ, ಸ್ಪೀಕರಿನ ತಂತಿ ಕಿತ್ತು, ಇದನ್ನು ಸಿಕ್ಕಿಸಿ, ಕಿವಿಗಿಟ್ಟುಕೊಂಡರು. “ಇನ್ನೊಂದು ಕಿವಿ ನಿಮಗೇ ಇರುತ್ತೆ ಸಾರ್. ಮುಂದಿನ ಪುಸ್ತಕ ಹೇಳಿ,” ಎಂದರು.

ಇನ್ನೂ ಐದಾರು ಪುಸ್ತಕ ಕೇಳಿದರು. ಕೀಲಿಗಳ ಸದ್ದು ಬಿಟ್ಟರೆ ಬೇರೆ ಏನೂ ಕೇಳುತ್ತಿರಲಿಲ್ಲ. ಪ್ರತಿ ಸಲವೂ ರ‍್ಯಾಕಿನ ನಂಬರು ಸರಿಯಾಗಿತ್ತು. ಯಂತ್ರದಿಂದ ಕೇಳಿ ಹೇಳುತ್ತಿದ್ದಾರೋ ನೆನಪಿನಿಂದಲೋ ನನಗೂ ತಿಳಿಯಲಿಲ್ಲ. ಕಮಿಟಿಯವರು ಒಳಗಿನ ಕೋಣೆಗೆ ಹೋಗಿ ಕಾಲು ಗಂಟೆ ಬಿಟ್ಟು ಬಂದರು. ಆರು ತಿಂಗಳು ನೋಡೋಣ ಎಂದು ತೀರ್ಮಾನವಾಗಿತ್ತು. ಆ ಆರು ತಿಂಗಳು ಮುಗಿದಾಗ ಯಾರೂ ಆ ಮಾತು ತೆಗೆಯಲಿಲ್ಲವೆಂದು ಕಾರ್ಯದರ್ಶಿಗಳೇ ಮುಂದೊಮ್ಮೆ ಹೇಳಿದರು.

ಮೀಟಿಂಗ್ ಆಗಿ ಮೂರು ತಿಂಗಳ ಮೇಲೆ ಅಂಗಡಿಗೆ ಗ್ರಂಥಪಾಲಕಿಯ ಫೋನು ಬಂತು. ಮತ್ತೆ ಅದೇ ತೊಂದರೆ ಇರಬೇಕೆಂದು ನಾನು ಚೀಲಕ್ಕೆ ಕೈ ಹಾಕಿದೆ.

“ಬರೋದೇನೂ ಬೇಡ, ಹೇಳೋಣ ಅಂತ ಮಾಡಿದೆ. ಮೆಮೊರಿ ಪಟ್ಟಿ ನಾನೇ ಕೇಳಿಸ್ಕೊಂಡೆ, ಒಂದೊಂದೇ ಸಾಲು. ಅದರಲ್ಲಿ ನಾಲ್ಕು ಕೆಬಿದು ಒಂದಿದೆ, ಮಾತಿನ ಪ್ರೋಗ್ರಾಮ್‌ಗಿಂತ ಮುಂಚೆ ಹೋಗಿ ಮೇಲೆ ಕೂರುತ್ತೆ. ಅದು ಏನು ಮಾಡುತ್ತೆ?” ಎಂದು ಕೇಳಿ, ಅದರ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಿದರು.

ನನಗೆ ತಕ್ಷಣ ಗೊತ್ತಾಯಿತು. ಹಿಂದೆ ಟೈಪ್ ಮಾಡಿದ ಆಜ್ಞೆಗಳನ್ನು ನೆನಪಿಟ್ಟುಕೊಳ್ಳುವ ಪ್ರೋಗ್ರಾಮು ಅದು. ಬಾಣದ ಕೀಲಿ ಒತ್ತಿದರೆ ಹಿಂದಿನದು ಮತ್ತೆ ಬರುತ್ತದೆ. ಯಾವ ಯಂತ್ರಕ್ಕೆ ಹೋದರೂ ನನ್ನ ಅನುಕೂಲಕ್ಕೆಂದು ಮೊದಲ ಸಾಲಿನಲ್ಲೇ ಅದನ್ನು ಹಾಕಿಕೊಳ್ಳುವುದು ನನಗೆ ರೂಢಿ. ಆ ಮೊದಲ ದಿನವೂ ಹಾಕಿದ್ದೆ. ಪಟ್ಟಿಯಲ್ಲಿ ಎಲ್ಲರನ್ನೂ ಅನುಮಾನದಿಂದ ನೋಡಿದವಳು ಅದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ. ನಾಲ್ಕು ಕೆಬಿ ಎಂದರೆ ನೂರು ಪದ. ಆ ಶುಕ್ರವಾರ ಅವರು ಕೂತು ತೆಗೆದ ಇನ್ನೂರ ಹನ್ನೊಂದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ತೆಗೆಯುವ ಅಗತ್ಯವೇ ಇರಲಿಲ್ಲ.

ಅದನ್ನು ಇದ್ದ ಹಾಗೇ ಹೇಳಿದೆ.

“ನಾನು ಟೈಪ್ ಮಾಡಿದ್ದು ನನಗೆ ನೆನಪಿರುತ್ತೆ. ಬೆಳಿಗ್ಗೆನೇ ಅದರ ಮುಂದೆ ಆರ್‌ಇಎಂ ಹಾಕಿ ನೋಡಿದೆ, ಯಾವ ಕೆಲಸವೂ ನಿಲ್ಲಲಿಲ್ಲ. ಅರವತ್ತು ಪುಸ್ತಕ ವಾಪಸ್ ಸೇರಿಸಿ ಆಯ್ತು, ಇನ್ನೂ ನಲವತ್ತಕ್ಕೆ ಜಾಗ ಇದೆ,” ಎಂದರು. ಕೌಂಟರಿಗೆ ಯಾರೋ ಬಂದಿರಬೇಕು. “ಒಂದ್ನಿಮಿಷ ಸಾವಿತ್ರಮ್ಮ, ಬಂದೆ,” ಎಂದು ಫೋನು ಇಟ್ಟರು.